ಅಪಘಾತವಾದವರ ಬಿಪಿ ಸರಿಯಿದ್ದರೂ ಡಾಕ್ಟರು ಯಾಕೆ ಆತಂಕ ಪಡುತ್ತಾರೆ?

ಬಿಪಿ 110 ಇದೆ ಅಂದ ಮಾತ್ರಕ್ಕೆ ಒಳಗೆ ರಕ್ತ ಸೋರುತ್ತಿಲ್ಲ ಅಂತಲ್ಲ. ಗಟ್ಟಿಮುಟ್ಟಾದ ಹುಡುಗರಲ್ಲಿ ಸುಮಾರು ಶೇ. 30ರಷ್ಟು ರಕ್ತ ಹೋಗುವವರೆಗೂ ಮೇಲಿನ ಬಿಪಿ ಅಷ್ಟಾಗಿ ಇಳಿಯದೇ ಇರಬಹುದು, ಯಾಕಂದ್ರೆ ಕೈಕಾಲಿನ ರಕ್ತನಾಳಗಳು ಬಿಗಿಯಾಗಿ, ಹೃದಯ ಜೋರಾಗಿ ಬಡಿದು ಹೇಗೋ ಸಂಭಾಳಿಸುತ್ತವೆ. ಅದಕ್ಕೇ ಎಮರ್ಜೆನ್ಸಿಯಲ್ಲಿ ಕೈ ಮುಟ್ಟಿ ನೋಡುತ್ತಾರೆ. ತಣ್ಣಗೆ ಬೆವರಿದೆಯಾ? ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ನಾಡಿಬಡಿತವನ್ನು ಮೇಲಿನ ಬಿಪಿಯಿಂದ ಭಾಗಿಸಿದಾಗ 0.9 ದಾಟಿದರೆ ಹುಷಾರು: ನಾಡಿ 120, ಬಿಪಿ 110 ಅಂದ್ರೆ ಆಗಲೇ 1.09, ಬರೀ ಬಿಪಿ ನೋಡುವುದಕ್ಕಿಂತ ಇದು ಎಷ್ಟೋ ವಾಸಿ. ಸುಮ್ನೆ ರೇಗಾಡುವ ಗಾಯಾಳುವನ್ನು ಕುಡಿದಿದ್ದಾನೆ ಅಂತ ತಳ್ಳಿಹಾಕಬಾರದು, ಮೆದುಳಿಗೆ ರಕ್ತ ಸಾಲದೇ ಇರಬಹುದು. ಬೀಟಾ ಬ್ಲಾಕರ್ (ಹೃದಯ ಬಡಿತ ನಿಧಾನಿಸುವ) ಮಾತ್ರೆ ತಗೊಳ್ಳುವ ವಯಸ್ಸಾದವರಲ್ಲಿ ನಾಡಿಯೂ ಅಷ್ಟು ಏರದೆ ಮೋಸ ಮಾಡುತ್ತದೆ. ಒಳಗೆ ರಕ್ತ ಸೋರಿದೆಯಾ ಅಂತ ನೋಡಲು ಹಾಸಿಗೆ ಪಕ್ಕದಲ್ಲೇ ಹೊಟ್ಟೆಯ ಸ್ಕ್ಯಾನ್ ಮಾಡುತ್ತಾರೆ, ಅನುಮಾನ ಉಳಿದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ.