ಸೈಕಲ್ ಕಟ್ಟೆ: ರೈತರು ಕಟ್ಟಿದ ಕೋಟೆ, ಒಳಗೊಂದು ಚರ್ಚ್

ಕಳೆದ ಸಂಚಿಕೆಯಲ್ಲಿ ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಮಗಳ ಜೊತೆ ಸೈಕಲ್ ಹೊಡೆದದ್ದನ್ನು, ಅಲ್ಲಿನ ಕೋಟೆ ಚರ್ಚುಗಳನ್ನು ನೋಡಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದಿದ್ದೆ. ಪಂಕ್ಚರ್, ಸೀಟು, ಮೊಣಕಾಲು ನೋವು ಅಂತ ಕೇಳುತ್ತಿದ್ದವರೆಲ್ಲ ಈ ಸಲ ಆ ನಾಲ್ಕು ಸಾಲಿನ ಬೆನ್ನು ಹತ್ತಿದ್ದಾರೆ. ಮೊಣಕಾಲಿನವರು ಒಂದು ತಿಂಗಳು ತಡೆಯಬೇಕು.

ಚರ್ಚಿಗೆ ಕೋಟೆ ಯಾಕೆ ಬೇಕಿತ್ತು ಸರ್? ನಮ್ಮ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಕಾಲದ ಚರ್ಚ್ ಇದೆ. ಕಂಪೌಂಡ್ ಬಿಟ್ಟರೆ ಏನೂ ಇಲ್ಲ. ಅಲ್ಲಿ ಪಾದ್ರಿಗಳೇ ಯುದ್ಧ ಮಾಡುತ್ತಿದ್ದರಾ?
— ಓದುಗರು, ಗದಗ-ಬೆಟಗೇರಿ

ಪಾದ್ರಿಗಳಲ್ಲ, ರೈತರು. ಇದೇ ನನಗೆ ಹಿಡಿಸಿದ ಸಂಗತಿ. ಕೋಟೆ ಅಂದ ಕೂಡಲೇ ನಾವು ಯಾವ ರಾಜ ಕಟ್ಟಿಸಿದ ಅಂತ ಕೇಳುತ್ತೇವೆ. ಇವನ್ನು ಯಾವ ರಾಜನೂ ಕಟ್ಟಿಸಲಿಲ್ಲ. ಊರಿನವರು ತಾವೇ ಕಟ್ಟಿಕೊಂಡರು.

12ನೇ ಶತಮಾನದ ನಡುವಿನಲ್ಲಿ ಹಂಗೇರಿಯ ರಾಜ ಎರಡನೇ ಗೇಜಾ ರೈನ್ ನದಿಯ ಕಡೆಯಿಂದ ಜನರನ್ನು ಕರೆಸಿದ. ಟ್ರಾನ್ಸಿಲ್ವೇನಿಯಾ ಆಗ ಅವನ ರಾಜ್ಯದ ಅಂಚು. ಜಮೀನು ಕೊಡುತ್ತೇನೆ, ಗಡಿ ಕಾಯಿರಿ ಅಂದ. ಹಾಗೆ ಬಂದ ಜರ್ಮನ್ ಮಾತಿನವರನ್ನು ಸ್ಯಾಕ್ಸನ್ನರು ಅಂತ ಕರೆಯುತ್ತಾರೆ. 1224ರಲ್ಲಿ ಇನ್ನೊಬ್ಬ ರಾಜ ಅವರಿಗೆ ಸನದು ಕೊಟ್ಟ. ನಿಮ್ಮ ಮೇಲೆ ಯಾವ ಜಮೀನ್ದಾರನೂ ಇಲ್ಲ, ನಿಮ್ಮ ಪಾದ್ರಿಯನ್ನು ನೀವೇ ಆರಿಸಿಕೊಳ್ಳಿ ಅಂತ. ಒಳ್ಳೆಯದೇ ಆಯಿತು, ಅಲ್ವಾ? ಆದರೆ ಜಮೀನ್ದಾರ ಇಲ್ಲ ಅಂದರೆ ದಾಳಿ ಬಂದಾಗ ಓಡಿಹೋಗಿ ಅಡಗಲು ಅವನ ವಾಡೆಯೂ ಇಲ್ಲ. 1241ರಲ್ಲಿ ಮಂಗೋಲರು ಬಂದರು. ಮುಂದೆ ತುರ್ಕರ ದಂಡು ಮತ್ತೆ ಮತ್ತೆ ಬಂತು. ದೊಡ್ಡ ಪಟ್ಟಣಗಳು ಸುತ್ತ ಗೋಡೆ ಕಟ್ಟಿಕೊಂಡವು. ಹಳ್ಳಿಯವರ ಕೈಯಲ್ಲಿ ಊರಿಗೆಲ್ಲ ಗೋಡೆ ಕಟ್ಟುವುದು ಆಗುವ ಮಾತಲ್ಲ. ಊರಲ್ಲಿ ಗಟ್ಟಿ ಕಲ್ಲಿನ ಕಟ್ಟಡ ಅಂದರೆ ಚರ್ಚ್ ಒಂದೇ. ಅದರ ಸುತ್ತ ಗೋಡೆ ಎಬ್ಬಿಸಿದರು. ಗಂಟೆ ಗೋಪುರಕ್ಕೆ ಕಿಂಡಿ ಇಟ್ಟು ಕಾವಲು ಗೋಪುರ ಮಾಡಿದರು.

ನಮ್ಮ ಕಡೆ ಹಳ್ಳಿಗಳಲ್ಲಿ ಅಗಸಿ, ಹುಡೇವು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ದಂಡು ಬಂತು ಅಂದರೆ ಜನ ಹುಡೇವು ಹತ್ತಿ ಕಲ್ಲು, ಕವಣೆ ಹಿಡಿದು ನಿಲ್ಲುತ್ತಿದ್ದರು. ಅಲ್ಲಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕಾಳುಕಡಿಯನ್ನೂ ಕೋಟೆಯೊಳಗೇ ಇಟ್ಟರು. ಬ್ರಶೋವ್ ಪಟ್ಟಣದ ಹತ್ತಿರ ಪ್ರೆಜ್ಮೆರ್ ಅಂತ ಊರು. ಚರ್ಚಿನ ಸುತ್ತ 12 ಮೀಟರ್ ಎತ್ತರದ ಗೋಡೆ, 3-4 ಮೀಟರ್ ದಪ್ಪ. ಗೋಡೆಯ ಒಳಮೈಗೆ ಅಂಟಿಕೊಂಡು ಅಂತಸ್ತಿನ ಮೇಲೆ ಅಂತಸ್ತು, 270ಕ್ಕೂ ಜಾಸ್ತಿ ಕೋಣೆಗಳು. ಒಂದೊಂದು ಮನೆತನಕ್ಕೆ ಒಂದೊಂದು. ಶಾಂತಿಯ ಕಾಲದಲ್ಲಿ ಅದು ಅವರ ಹಗೇವು, ದಾಳಿಯ ಕಾಲದಲ್ಲಿ ಅದೇ ಮನೆ. ಮಕ್ಕಳ ಓದು ನಿಲ್ಲಬಾರದು ಅಂತ ಶಾಲೆಯ ಕೋಣೆಯೂ ಇದೆ. ದಿರ್ಝಿಯು ಅನ್ನೋ ಊರಲ್ಲಿ ಇವತ್ತಿಗೂ ಮನೆಮನೆಯ ಹಂದಿ ಮಾಂಸದ ಕೊಬ್ಬನ್ನು ಉಪ್ಪು ಹಾಕಿ, ಹೊಗೆ ಹಾಕಿ ಕೋಟೆ ಗೋಪುರದಲ್ಲಿ ನೇತು ಹಾಕುತ್ತಾರೆ. ನಾನು ಶಾಕಾಹಾರಿ. ವಾಸನೆ ಮಾತ್ರ ಮರೆತಿಲ್ಲ.

ಕಾಕಾ, ಆಫೀಸ್ ಕೆಲಸದ ಮೇಲೆ ಮೇ ತಿಂಗಳಲ್ಲಿ ಬುಕಾರೆಸ್ಟ್‌ಗೆ ಹೊರಟಿದ್ದೇನೆ. ಕೆಲಸ ಮುಗಿದ ಮೇಲೆ ಒಂದು ವಾರ ರಜೆ. ದಿನಕ್ಕೆ 40 ಕಿ.ಮೀ. ಹೊಡೆಯಬಲ್ಲೆ. ಯುನೆಸ್ಕೋ ಪಟ್ಟಿಯ ಏಳೂ ಊರು ಮುಗಿಸಬೇಕು ಅಂತಿದ್ದೇನೆ. ದಾರಿ ಹೇಳಿ. ವೀಸಾ ಯಾವುದು ಬೇಕು?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಏಳನ್ನೂ ಮುಗಿಸುವ ಆಸೆ ಬಿಡು ತಂಗಿ. ಪಟ್ಟಿಯಲ್ಲಿರೋದು ಏಳೇ, ನಿಜ. ಬಿಯೆರ್ಟಾನ್ 1993ರಲ್ಲಿ ಸೇರಿತು, ಉಳಿದವು 1999ರಲ್ಲಿ. ಆದರೆ ಅಂಥ ಚರ್ಚುಗಳು ಆ ಸೀಮೆಯಲ್ಲಿ 150ರಷ್ಟು ಉಳಿದಿವೆ. ಪಟ್ಟಿಯ ಏಳು ಊರು ದೂರ ದೂರ ಇವೆ. ಅವನ್ನು ಜೋಡಿಸಲು ಹೊರಟರೆ ಹೆದ್ದಾರಿಯಲ್ಲಿ ಲಾರಿಗಳ ಜೊತೆ ವಾರ ಕಳೆದುಹೋಗುತ್ತದೆ. ಬ್ರಶೋವ್‌ನಿಂದ ಸಿಗಿಶ್ವಾರಾಗೆ ಹೋಗುವ ದೊಡ್ಡ ರಸ್ತೆಯಂತೂ ನಮ್ಮ ಗಬ್ಬೂರು ಬೈಪಾಸ್ ಇದ್ದ ಹಾಗೆ. ಅದರ ಮೇಲೆ ಸೈಕಲ್ ಬೇಡ. ಆ ತುಂಡನ್ನು ರೈಲಿನಲ್ಲಿ ದಾಟು.

ಸಿಗಿಶ್ವಾರಾದಲ್ಲಿ ಇಳಿ. ಅಲ್ಲಿಂದ ಬಿಯೆರ್ಟಾನ್ ಸುಮಾರು 30 ಕಿ.ಮೀ. ಮೊದಲು ಸ್ವಲ್ಪ ಮುಖ್ಯ ರಸ್ತೆ, ಆಮೇಲೆ ಎಡಕ್ಕೆ ತಿರುಗಿದರೆ ಕಣಿವೆಯ ಒಳದಾರಿ. ಬಿಯೆರ್ಟಾನ್‌ನಲ್ಲೇ ಎರಡು ಮೂರು ರಾತ್ರಿ ಉಳಿದುಕೋ. ಕೋಪ್ಶಾ ಮಾರೆ, ರಿಕಿಶ್ ಎರಡೂ ಕೂಗಳತೆಯಲ್ಲಿವೆ. ಲಾಸ್ಲಿಯಾ ಕಡೆಯಿಂದ ಮಲಿಂಕ್ರಾವ್‌ಗೆ ಹೋದರೆ ಅಲ್ಲಿ 14ನೇ ಶತಮಾನದ ಗೋಡೆ ಚಿತ್ರಗಳಿವೆ. ಡಾಂಬರು ರಸ್ತೆ ಆ ಊರಿಗೇ ಮುಗಿಯುತ್ತದೆ, ಹಾಗಾಗಿ ಸುಮ್ನೆ ಹಾದುಹೋಗುವ ಗಾಡಿ ಒಂದೂ ಇಲ್ಲ. ಕುದುರೆ ಗಾಡಿ, ಹುಲ್ಲಿನ ಗಾಡಿ ಸಿಗುತ್ತವೆ. ಮೇ ತಿಂಗಳಲ್ಲಿ ಕರೆಂಟ್ ಕಂಬದ ಮೇಲೆಲ್ಲ ಕೊಕ್ಕರೆ ಗೂಡು. ನಕ್ಷೆಯಲ್ಲಿ ರಸ್ತೆ ಸಂಖ್ಯೆಯ ಮುಂದೆ ಡಿ.ಎನ್. ಇದ್ದರೆ ರಾಷ್ಟ್ರೀಯ ಹೆದ್ದಾರಿ, ಡಿ.ಜೆ. ಅಂದರೆ ಜಿಲ್ಲಾ ರಸ್ತೆ, ಡಿ.ಸಿ. ಅಂದರೆ ಹಳ್ಳಿ ರಸ್ತೆ. ನಿನಗೆ ಬೇಕಾದದ್ದು ಕೊನೆಯ ಎರಡು. ನೆಲ ಸಪಾಟಿಲ್ಲ. ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುವಾಗ ಏರು ಇದ್ದೇ ಇದೆ. ನವಲಗುಂದದ ರಸ್ತೆಯಲ್ಲಿ ಹೊಡೆಯುವ 40 ಕಿ.ಮೀ. ಅಲ್ಲಿ 25 ಅಂತ ಲೆಕ್ಕ ಹಾಕಿಕೋ.

ಬಿಯೆರ್ಟಾನ್‌ನಲ್ಲಿ ಒಂದು ಬಾಗಿಲಿದೆ. ಅದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಬಂದವರೆಲ್ಲ ದೇವರ ಪೀಠದ ಮೇಲಿನ 28 ಚಿತ್ರ ನೋಡುತ್ತಿದ್ದರೆ ನಾನು ಪಕ್ಕದ ಉಗ್ರಾಣದ ಬಾಗಿಲ ಮುಂದೆ ನಿಂತುಬಿಟ್ಟೆ. 1515ರ ಬಾಗಿಲು. ಹೊರಗಡೆ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಬಳ್ಳಿ, ಹೂವು ಬಿಡಿಸಿದ್ದಾರೆ. ಹಿಂದೆ ಹೋಗಿ ನೋಡಿದರೆ ಕಬ್ಬಿಣದ ಸಂಸಾರ. ಒಂದೇ ಬಾಗಿಲಿಗೆ 19 ಚಿಲಕ. ಊರಿನ ಬೆಳ್ಳಿ ಬಂಗಾರ ಈ ಬಾಗಿಲ ಹಿಂದೆ ಇರುತ್ತಿತ್ತು. ಲೇತ್ ಇಲ್ಲ, ಮಿಲ್ಲಿಂಗ್ ಮಶೀನ್ ಇಲ್ಲ, ಕುಲುಮೆಯಲ್ಲಿ ಕಾಸಿ, ಬಡಿದು, ಅರ ಹಿಡಿದು ತಿಕ್ಕಿ ಮಾಡಿದ್ದು. ಅಷ್ಟು ಲಿವರ್ ಒಂದಕ್ಕೊಂದು ಸಿಕ್ಕಿಕೊಳ್ಳದೆ ಓಡಬೇಕಾದರೆ ಕೈ ಎಷ್ಟು ಪಳಗಿರಬೇಕು! 1900ರ ಪ್ಯಾರಿಸ್ ಪ್ರದರ್ಶನಕ್ಕೆ ಇದನ್ನು ತೆಗೆದುಕೊಂಡು ಹೋಗಿದ್ದರಂತೆ. ಮಗಳು ಬಂದು ಕೈ ಹಿಡಿದು ಎಳೆಯುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ಅದೇ ಆವರಣದಲ್ಲಿ ಗಂಡ ಹೆಂಡತಿಯ ಜೈಲೂ ಇದೆ. ವಿಚ್ಛೇದನ ಬೇಕು ಅಂತ ಬಂದವರನ್ನು ಒಂದೇ ಹಾಸಿಗೆ, ಒಂದೇ ತಟ್ಟೆ, ಒಂದೇ ಚಮಚ ಕೊಟ್ಟು ಕೂಡಿ ಹಾಕುತ್ತಿದ್ದರು ಅಂತ ಊರವರು ಹೇಳುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ರಾಜಿಯಾಗಿ ಹೊರಗೆ ಬಂದರಂತೆ. ಆ ಒಂದು ಚಮಚಕ್ಕೆ ಹೆದರಿ ಬಂದವರೆಷ್ಟೋ.

ಇನ್ನೂ ಎರಡು ದಿನ ಉಳಿದರೆ ವಿಸ್ಕ್ರಿಗೆ ಹೋಗು. ಬಿಳಿ ಚರ್ಚ್, ಒಂದೇ ಅಗಲವಾದ ಬೀದಿ. ಸಂಜೆ ದನ ಮೇಯಿಸಿಕೊಂಡು ಬಂದಾಗ ಪ್ರತಿ ಹಸುವೂ ತನ್ನ ಮನೆಯ ಗೇಟಿನ ಮುಂದೆ ತಾನೇ ನಿಲ್ಲುತ್ತದೆ. ಬ್ರಿಟನ್ನಿನ ಈಗಿನ ರಾಜ ಚಾರ್ಲ್ಸ್ ಯುವರಾಜನಾಗಿದ್ದಾಗ 2006ರಲ್ಲಿ ಇಲ್ಲೊಂದು ಮನೆ ಕೊಂಡಿದ್ದರು. ಹಾಗಾಗಿ ಜನಜಂಗುಳಿ ಸ್ವಲ್ಪ ಇದೆ. ಬೆಳಗ್ಗೆ ಬೇಗ ಹೋಗಬೇಕು.

ವೀಸಾ ಕೇಳಿದ್ದೀಯ. 2025ರ ಜನವರಿಯಿಂದ ರೊಮೇನಿಯಾ ಪೂರ್ತಿ ಶೆಂಗೆನ್ ಒಳಗಿದೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನೊಳಗೆ. ಅದೇ ವೀಸಾ. ಸೈಕಲ್ ಇಲ್ಲಿಂದ ಒಯ್ಯಬೇಡ, ಅಲ್ಲೇ ಬಾಡಿಗೆಗೆ ತಗೋ. ಬಲಗಡೆ ಹೊಡೆಯಬೇಕು ಅನ್ನೋದು ಮೊದಲ ದಿನ ಪ್ರತಿ ತಿರುವಿನಲ್ಲೂ ನೆನಪಿರಲಿ.

ಮಗಳು ಅಲ್ಲಿ ಓದುತ್ತಿದ್ದಾಳೆ, ಗೆಳತಿಯರ ಜೊತೆ ಸೈಕಲ್ ಮೇಲೆ ಹೋಗುತ್ತೇನೆ ಅನ್ನುತ್ತಾಳೆ. ಕರಡಿ ಇವೆಯಂತೆ. ಹೌದಾ ಅಣ್ಣಾವ್ರೇ?
— ಒಬ್ಬ ತಾಯಿ, ಸಾಧನಕೇರಿ, ಧಾರವಾಡ

ಇವೆ ಅಕ್ಕಾವ್ರೇ. ಸಾವಿರಾರು ಇವೆ. ಊರ ಹತ್ತಿರ ಕರಡಿ ಕಂಡರೆ ಸರ್ಕಾರವೇ ಎಲ್ಲರ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ. ಕತ್ತಲಾದ ಮೇಲೆ, ನಸುಕಿನಲ್ಲಿ ಕಾಡಿನ ದಾರಿ ಬೇಡ ಅಂತ ಹೇಳಿ. ತಿಂಡಿಯನ್ನು ಡೇರೆಯೊಳಗೆ ಇಟ್ಟುಕೊಂಡು ಮಲಗಬಾರದು. ತುರ್ತಿಗೆ 112.

ಆದರೆ ಹಗಲು ಹೊತ್ತಿನಲ್ಲಿ ಸೈಕಲ್ಲಿನವರಿಗೆ ನಿಜವಾದ ಕಾಟ ಕುರಿ ಕಾಯುವ ನಾಯಿಗಳದ್ದು. ಕರುವಿನಷ್ಟು ಇರುತ್ತವೆ. ಸೈಕಲ್ ಜೋರಾಗಿ ಹೊಡೆದು ಪಾರಾಗಲು ನೋಡಬಾರದು, ಓಡಿದ್ದನ್ನು ಅಟ್ಟಿಸಿಕೊಂಡು ಬರುವುದೇ ಅವುಗಳ ಕೆಲಸ. ಇಳಿಯಬೇಕು. ಸೈಕಲ್ಲನ್ನು ನಮಗೂ ನಾಯಿಗೂ ನಡುವೆ ಹಿಡಿದು ನಿಧಾನವಾಗಿ ನಡೆಯಬೇಕು. ಕುರುಬನನ್ನು ಕೂಗಬೇಕು. ಅವನು ಒಂದು ಸಿಳ್ಳೆ ಹಾಕಿದರೆ ಮುಗಿಯಿತು. ಕುರಿ ಹಿಂಡಿನ ನಡುವೆ ನುಗ್ಗಬಾರದು, ಸುತ್ತು ಹಾಕಿ ಹೋಗಬೇಕು. ಹಟ್ಟಿ ಕುರುಬರ ನಾಯಿ ಕಂಡು ಬೆಳೆದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

ಊರು ಅರ್ಧ ಖಾಲಿ, ಚರ್ಚಿಗೆ ಬೀಗ ಅಂತ ಬರೆದಿದ್ದಿರಿ. ಜನ ಎಲ್ಲಿ ಹೋದರು?
— ಓದುಗರು, ರಾಣೆಬೆನ್ನೂರು

ಜರ್ಮನಿಗೆ. 1945ರ ಜನವರಿಯಲ್ಲಿ, ವಯಸ್ಸಿಗೆ ಬಂದ ಸ್ಯಾಕ್ಸನ್ ಗಂಡಸರು ಹೆಂಗಸರನ್ನು ಸೋವಿಯತ್ ಗಣಿಗಳಿಗೆ ಕೂಲಿಗೆ ಎಳೆದೊಯ್ದರು. ಮರಳಿ ಬಂದವರಿಗೆ ಹೊಲ ಇರಲಿಲ್ಲ. ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಕಾಲದಲ್ಲಿ ಪಶ್ಚಿಮ ಜರ್ಮನಿ ತಲೆಗಿಷ್ಟು ಅಂತ ಹಣ ಕಟ್ಟಿ ಬಿಡಿಸಿಕೊಳ್ಳುತ್ತಿತ್ತು. 1989ರ ಡಿಸೆಂಬರಿನಲ್ಲಿ ಅವನ ಆಡಳಿತ ಬಿತ್ತು. 1990 ಒಂದೇ ವರ್ಷದಲ್ಲಿ ರೊಮೇನಿಯಾದಿಂದ ಒಂದು ಲಕ್ಷಕ್ಕೂ ಜಾಸ್ತಿ ಜರ್ಮನ್ ಮಾತಿನವರು ಹೊರಟುಹೋದರು. 800 ವರ್ಷ ದಂಡು ಬಂದರೂ ಅಲುಗದವರು.

ಜರ್ಮನಿಯಲ್ಲಿ ನನ್ನ ಮಗಳ ಮನೆ ಮಾಲೀಕರಾದ ಅಜ್ಜಿ ಹಾಗೆ ಬಂದವರೇ. ಈ ಊರುಗಳ ಹೆಸರು ನಾನು ಮೊದಲು ಕೇಳಿದ್ದು ಅವರ ಅಡುಗೆಮನೆಯಲ್ಲಿ. ಈಗ ಹಳ್ಳಿಗಳಲ್ಲಿ ರೊಮೇನಿಯನ್ನರು, ಜಿಪ್ಸಿಗಳು ಅಂತ ಹೊರಗಿನವರು ಕರೆಯುವ ರೋಮಾ ಜನ ಇದ್ದಾರೆ. ಬೀಗದ ಕೈ ಊರಲ್ಲಿ ಒಬ್ಬರ ಹತ್ತಿರ ಇರುತ್ತದೆ, ಬಾಗಿಲ ಮೇಲೆ ಫೋನ್ ನಂಬರ್ ಅಂಟಿಸಿರುತ್ತಾರೆ. ಫೋನ್ ಮಾಡಿ ಮೆಟ್ಟಿಲ ಮೇಲೆ ಕೂತರೆ ಏಪ್ರನ್ ಒರೆಸಿಕೊಳ್ಳುತ್ತಾ ಯಾರೋ ಬರುತ್ತಾರೆ. ಅವಸರ ಇದ್ದವರಿಗೆ ಈ ಪ್ರವಾಸ ಅಲ್ಲ.

ಅಷ್ಟು ದೂರ ಯಾಕ್ರೀ? ನಮ್ಮೂರ ಸೋಮೇಶ್ವರ ಗುಡಿಗೆ ಕೋಟೆ ಇಲ್ವಾ?
— ಓದುಗರು, ಲಕ್ಷ್ಮೇಶ್ವರ

ಸಿಟ್ಟಾಗಬೇಡಿ, ಇದೆ. 11ನೇ ಶತಮಾನದ ಗುಡಿ, ಸುತ್ತ ಕೋಟೆಯಂಥ ಎತ್ತರದ ಗೋಡೆ, ಮೂರು ಕಡೆ ಬಾಗಿಲು, ಒಳಗೆ ಬಾವಿ. ನಂದಿಯ ಮೇಲೆ ಕೂತ ಶಿವ ಪಾರ್ವತಿ. ವಾಲಿಯಾ ವೀಲೋರ್ ಅನ್ನೋ ಊರಿನ ಚರ್ಚಿನೊಳಗೂ ಬಾವಿ ನೋಡಿದಾಗ ನನಗೆ ನಿಮ್ಮೂರೇ ನೆನಪಾಯಿತು.

ಗದಗದಿಂದ ಬೆಳಗ್ಗೆ ಆರಕ್ಕೆ ಬಿಟ್ಟು ಮುಳಗುಂದದಲ್ಲಿ ಚಹಾ ಕುಡಿದರೆ ಹತ್ತರೊಳಗೆ ಲಕ್ಷ್ಮೇಶ್ವರ. ಊಟ ಖಾನಾವಳಿಯಲ್ಲಿ. ಮರುದಿನ ಸವಣೂರಿನ ದೊಡ್ಡ ಹುಣಸೆ ಮರ (ಹೆಸರಿಗೆ ಹುಣಸೆ, ಅಸಲಿಗೆ ಬಾವೊಬಾಬ್) ನೋಡಿಕೊಂಡು ಬಂಕಾಪುರಕ್ಕೆ ಹೋಗಬಹುದು. ಅಲ್ಲಿ ಕೋಟೆಯೊಳಗೆ ನಗರೇಶ್ವರ ಗುಡಿ, ಕಂಬಗಳ ಕಾಡು, ಸುತ್ತ ನವಿಲು. ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದು ನೇರ ಬಂಕಾಪುರಕ್ಕೆ ಹೋಗುವವರು ಈ ದಾರಿಯ ಸುಖ ಕಳೆದುಕೊಳ್ಳುತ್ತಾರೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಎರೆ ಹೊಲದ ದಾರಿಗೆ ಇಳಿದರೆ ಚಕ್ರ ತಿರುಗುವುದಿಲ್ಲ. ಮಡ್‌ಗಾರ್ಡಿನೊಳಗೆ ಸೇರಿದ ಎರೆ ಮಣ್ಣನ್ನು ಸ್ಕ್ರೂಡ್ರೈವರ್ ಹಾಕಿ ಕೆತ್ತಬೇಕು.

ಇದಕ್ಕೆಲ್ಲ ದುಬಾರಿ ಸೈಕಲ್ ಬೇಕಾ?
— ಓದುಗರು, ಹಾವೇರಿ

ಬೇಡ. ಗೇರ್ ಇರಲಿ. ಟೈರ್ 35 ಮಿ.ಮೀ.ಗಿಂತ ಸಣ್ಣದು ಬೇಡ. ಬ್ರೇಕ್ ಎರಡೂ ಹಿಡಿಯಲಿ. ಒಂದು ಟ್ಯೂಬ್, ಪಂಪ್, ಎರಡು ಟೈರ್ ಲಿವರ್ ಜೊತೆಗಿರಲಿ. ಹಾವೇರಿಯಿಂದ ಸೈಕಲ್ ರೈಲಿಗೆ ಹಾಕುವುದಾದರೆ ಪಾರ್ಸೆಲ್ ಕೌಂಟರ್‌ನಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಕೊಡಿ. ಆ ಗಾಡಿ ನಿಮ್ಮ ಸ್ಟೇಷನ್ನಿನಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಎರಡು ನಿಮಿಷ ನಿಲ್ಲುವ ಗಾಡಿಗೆ ಸೈಕಲ್ ಹತ್ತಿಸಲು ಒಪ್ಪುವುದಿಲ್ಲ.