ರಾತ್ರಿ ಮೂರಕ್ಕೆ ಎದ್ದು ಜಗಲಿಯಲ್ಲಿ ಕೂರುತ್ತಾರೆ

"ಸಕಲೇಶಪುರ ತಾಲೂಕಿನ ಹಳ್ಳಿ ನಮ್ಮದು. ಮೂರೂವರೆ ಎಕರೆ ಕಾಫಿ, ಒಳಗೆ ಮೆಣಸು. ಹೋದ ಮಳೆಗಾಲದಲ್ಲಿ ಕಾಯಿ ತುಂಬಾ ಉದುರಿತು, ಸಾಲ ಹಾಗೇ ನಿಂತಿದೆ. ನಮ್ಮನೆಯವರಿಗೆ 46 ವರ್ಷ. ನಾಲ್ಕು ತಿಂಗಳಿಂದ ರಾತ್ರಿ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂರುತ್ತಾರೆ. ತೋಟಕ್ಕೆ ಇಳಿಯುವುದಿಲ್ಲ, ಊಟ ಸೇರುವುದಿಲ್ಲ, ಯಾರ ಹತ್ತಿರವೂ ಮಾತಿಲ್ಲ. ಗಾಳಿ ಸೋಕಿದೆ ಅಂತ ಅತ್ತೆ ತಾಯತ ಕಟ್ಟಿಸಿದರು. ಮೊನ್ನೆ 'ನಾನಿಲ್ದಿದ್ರೆ ನೀವೆಲ್ಲ ಆರಾಮಾಗಿರ್ತೀರ' ಅಂದುಬಿಟ್ಟರು. ಡಾಕ್ಟರ್ ಹತ್ತಿರ ಹೋಗೋಣ ಅಂದರೆ 'ನನಗೇನು ಹುಚ್ಚಾ?' ಅಂತಾರೆ. ಮಗಳು ಪಿಯುಸಿ. ನಾಳೆ ಅವಳ ಮದುವೆಗೆ ಇದು ಅಡ್ಡ ಬರುತ್ತೇನೋ ಅಂತ ಭಯ. ನನಗೂ ಈಗೀಗ ಫೋನ್ ರಿಂಗಾದರೆ ಎದೆ ಡವಡವ ಅನ್ನುತ್ತೆ. ಏನು ಮಾಡಲಿ?"
– ಹೆಸರು ಬೇಡ, ಹಾಸನ ಜಿಲ್ಲೆ

ತಂಗಿ, ಸಾಲ, ಊಟ, ಮದುವೆ ಎಲ್ಲ ಆಮೇಲೆ ಮಾತಾಡೋಣ. ಮೊದಲು ಮೊನ್ನೆ ಅವರು ಆಡಿದ ಆ ಮಾತು.

ಅದನ್ನು ಬೇಜಾರಿಗೆ ಅಂದದ್ದು ಅಂತ ಬಿಡಬೇಡಿ. ಇವತ್ತೇ, ಇಬ್ಬರೇ ಇದ್ದಾಗ, ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?" ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಒಳಗೇ ಇಟ್ಟುಕೊಂಡು ಬೇಯುತ್ತಿದ್ದವರಿಗೆ ಯಾರೋ ಕೇಳಿದರಲ್ಲ ಅಂತ ಎಷ್ಟೋ ಸಲ ಹಗುರವಾಗುತ್ತೆ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನಸ್ಸಿನ ಕಷ್ಟಗಳಿಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮನೆಯವರು ಮಾಡದಿದ್ದರೆ ನೀವೇ ಮಾಡಿ. ಕೈಮೀರಿತು ಅನ್ನಿಸಿದರೆ ತುರ್ತು ಸಹಾಯದ 112ಕ್ಕೆ ಮಾಡಿ.

ಅವರು ಇಲ್ಲ ಅಂದರೂ ಒಂದು ಕೆಲಸ ಸಂಜೆಯೊಳಗೆ ಆಗಬೇಕು. ತೋಟಕ್ಕೆ ಹೊಡೆಯುವ ಔಷಧಿ, ಕಳೆನಾಶಕ ಮನೆಯಲ್ಲೋ ಶೆಡ್ಡಿನಲ್ಲೋ ಇದ್ದರೆ ಅಣ್ಣತಮ್ಮಂದಿರ ಮನೆಗೆ ಸಾಗಿಸಿ, ಬೀಗ ಹಾಕಿಡಲು ಹೇಳಿ. ಕೋವಿ ಇದ್ದರೆ ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಇಡುತ್ತೀರಲ್ಲ, ಹಾಗೇ ಈಗಲೂ ಮನೆಯಿಂದ ಹೊರಗೆ ಹೋಗಲಿ. ಆ ಕೆಟ್ಟ ಗಳಿಗೆ ಹೆಚ್ಚಿನ ಸಲ ಜಾಸ್ತಿ ಹೊತ್ತು ಇರುವುದಿಲ್ಲ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತೆ.

ಈಗ ಅವರಿಗೆ ಏನಾಗಿದೆ ಅನ್ನುವುದು. ನೀವು ಬರೆದದ್ದನ್ನೆಲ್ಲ ನೋಡಿದರೆ ಇದು ಖಿನ್ನತೆ ಅನ್ನಿಸುತ್ತೆ. ಖಚಿತ ಮಾಡಬೇಕಾದವರು ಡಾಕ್ಟರ್. ಆದರೆ ಎರಡು ವಾರ ಮೀರಿ ಮನಸ್ಸು ಮಂಕಾಗಿದ್ದು, ಇಷ್ಟದ ಕೆಲಸವೂ ಬೇಡವಾಗಿ, ಊಟ ನಿದ್ದೆ ಕೆಟ್ಟು, 'ನಾನು ಯಾರಿಗೂ ಬೇಡ' ಅನ್ನಿಸತೊಡಗಿದರೆ ತೋರಿಸಲೇಬೇಕು. ನಿಮ್ಮಲ್ಲಿ ನಾಲ್ಕು ತಿಂಗಳಾಗಿದೆ. ಬೆಳಕು ಹರಿಯುವ ಮೊದಲೇ ಎಚ್ಚರವಾಗುವುದು, ಬೆಳಿಗ್ಗೆ ಹೊತ್ತು ಜಾಸ್ತಿ ಭಾರ ಅನ್ನಿಸುವುದು, ಇವೂ ಈ ಕಾಯಿಲೆಯ ಗುರುತುಗಳೇ.

ನಮ್ಮ ದೊಡ್ಡಪ್ಪನೂ ಹೀಗೇ ಕೂತಿದ್ದರು. ಕಣದಲ್ಲಿ ಕಾಫಿ ಒಣಹಾಕಿದರೆ ದಿನಕ್ಕೆ ನಾಲ್ಕು ಸಲ ಕಾಲಲ್ಲೇ ಸಾಲು ಎಳೆದು ಮಗುಚುತ್ತಿದ್ದ ಮನುಷ್ಯ. ಆ ವರ್ಷ ಸಂಜೆ ಮಳೆ ಬಂದು ಹಣ್ಣೆಲ್ಲ ನೆನೆಯುತ್ತಿದ್ದರೂ ಕಂಬಕ್ಕೆ ಒರಗಿ ನೋಡುತ್ತಲೇ ಕೂತಿದ್ದರು. ದೊಡ್ಡಮ್ಮ ಒಬ್ಬರೇ ಟಾರ್ಪಾಲು ಎಳೆದರು. ಸೋಮಾರಿ ಅಂದೆವು, ಮಾಟ ಅಂದೆವು. ಕಾಯಿಲೆ ಅಂತ ಯಾರಿಗೂ ಹೊಳೆಯಲಿಲ್ಲ. ಅದಕ್ಕೇ ನಿಮ್ಮ ಪತ್ರ ಓದಿ ನನಗೆ ತಡೆಯಲಾಗಲಿಲ್ಲ.

ಹೋಗುವುದಿಲ್ಲ ಅನ್ನುವವರನ್ನು ಕರೆದುಕೊಂಡು ಹೋಗುವುದು ಹೇಗೆ? 'ನಿಮಗೆ ಖಿನ್ನತೆ' ಅಂತ ಶುರು ಮಾಡಬೇಡಿ. ನಿದ್ದೆಯಿಂದ ಶುರು ಮಾಡಿ. ನಿದ್ದೆ ಇಲ್ಲ ಅನ್ನುವುದನ್ನು ಅವರೂ ಒಪ್ಪುತ್ತಾರೆ, ಅದರಲ್ಲಿ ಅವಮಾನವಿಲ್ಲ. "ನಾಲ್ಕು ತಿಂಗಳಾಯ್ತು ನೀವು ಸರಿಯಾಗಿ ಮಲಗಿ, ನನಗೂ ನಿದ್ದೆ ಇಲ್ಲ, ಒಂದು ಸಲ ತೋರಿಸಿಕೊಂಡು ಬರೋಣ" ಅನ್ನಿ. ನಿಮಗೆ ಗೊತ್ತಿರುವ ಡಾಕ್ಟರ್ ಹತ್ತಿರ ಹೋದರೂ ಸಾಕು. ಥೈರಾಯ್ಡ್, ಶುಗರ್, ಬಿ12 ನೋಡಿಸಿ, ಕೆಲವರಿಗೆ ಸುಸ್ತು, ಮಂಕು ಅಲ್ಲಿಂದಲೂ ಬರುತ್ತೆ. ಅವರೇ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡೂ ಇದೆ. ಹೊರಡುವ ಮುಂಚೆ ಯಾರು, ಯಾವ ವಾರ ಅಂತ ಕೇಳಿಕೊಳ್ಳಿ.

ಮಾತ್ರೆ ಕೊಟ್ಟರೆ ಒಂದು ವಿಷಯ ನೆನಪಿರಲಿ. ಖಿನ್ನತೆಯ ಮಾತ್ರೆ ಜ್ವರದ ಮಾತ್ರೆಯ ಹಾಗೆ ಅವತ್ತೇ ಕೇಳುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಜಾಸ್ತಿ. ತುಂಬಾ ಮನೆಗಳಲ್ಲಿ ಹತ್ತನೇ ದಿನ 'ಏನೂ ಉಪಯೋಗ ಇಲ್ಲ' ಅಂತ ನಿಲ್ಲಿಸುತ್ತಾರೆ. ಇಲ್ಲವಾದರೆ ಮೂರನೇ ತಿಂಗಳು 'ಈಗ ಸರಿಹೋಯ್ತು' ಅಂತ ನಿಲ್ಲಿಸುತ್ತಾರೆ. ಎರಡೂ ಬೇಡ. ಗುಣವಾದ ಮೇಲೂ ಕೆಲವು ತಿಂಗಳು ತೆಗೆದುಕೊಳ್ಳಬೇಕಾಗುತ್ತೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಅಂಗಡಿಯಲ್ಲಿ ಕೇಳಿ ತರುವ ನಿದ್ದೆ ಮಾತ್ರೆ ಬೇರೆ, ಅದು ಚಟವಾಗುತ್ತೆ. ರಾತ್ರಿ ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತೆ ಅನ್ನುವವರ ಮಾತೂ ಬೇಡ, ಕುಡಿತ ಖಿನ್ನತೆಯನ್ನು ಇನ್ನೂ ಹೆಚ್ಚಿಸುತ್ತೆ. ಕಾಫಿ ಬೆಳೆಯುವ ಮನೆಗೆ ಇದನ್ನು ಹೇಳೋದು ಕಷ್ಟ, ಆದರೂ ಮಧ್ಯಾಹ್ನದ ಮೇಲೆ ಅವರಿಗೆ ಕಾಫಿ ಕೊಡಬೇಡಿ. ಮೂರು ಗಂಟೆಗೆ ಎದ್ದಾಗಂತೂ ಬೇಡ.

ಅತ್ತೆಯ ಜೊತೆ ಜಗಳ ಬೇಡ. ತಾಯತ ಇರಲಿ, ಚಿಕಿತ್ಸೆಯೂ ಇರಲಿ. ಅತ್ತೆ ಹೇಳಿದರೆ ಮಗ ಆಸ್ಪತ್ರೆಗೆ ಬರಬಹುದು, ಅಲ್ವಾ? ಮಗಳ ಮದುವೆಯ ಯೋಚನೆಗೆ ಈಗ ಇವರ ಜೀವ ಒತ್ತೆ ಇಡಬೇಡಿ. ಅವಳಿಗೆ "ಅಪ್ಪನಿಗೆ ಹುಷಾರಿಲ್ಲ, ಔಷಧಿ ಕೊಡಿಸ್ತಾ ಇದ್ದೀವಿ" ಅಂತ ಇದ್ದದ್ದನ್ನು ಹೇಳಿ. ಮಕ್ಕಳಿಗೆ ಗೊತ್ತಾಗಿರುತ್ತೆ, ನಾವು ಮುಚ್ಚಿಟ್ಟಷ್ಟೂ ತಮ್ಮಿಂದಲೇ ಏನೋ ಆಗಿದೆ ಅಂದುಕೊಳ್ಳುತ್ತವೆ. ಸಾಲಕ್ಕೆ ನೀವೇ ಒಬ್ಬರನ್ನು ಜೊತೆಗೆ ಕರೆದುಕೊಂಡು ಬ್ಯಾಂಕಿಗೆ ಹೋಗಿ ಕಂತು ಮುಂದೆ ಹಾಕಲು ಆಗುತ್ತಾ ಕೇಳಿ. ತೋಟ ಮಾರುವ ಮಾತು ಬಂದರೆ, ಅವರು ಸರಿಹೋಗುವ ತನಕ ಯಾವ ಕಾಗದಕ್ಕೂ ಸಹಿ ಬೇಡ. ಈ ಕಾಯಿಲೆಯಲ್ಲಿ ಇದ್ದ ಸಾಲ ಇನ್ನೂ ದೊಡ್ಡದಾಗಿ ಕಾಣುತ್ತೆ.

'ಧೈರ್ಯ ತಗೊಳ್ಳಿ, ಎಲ್ಲರಿಗೂ ಕಷ್ಟ ಇದೆ' ಅಂತ ಮಾತ್ರ ಅನ್ನಬೇಡಿ. ಸಂಜೆ ಐದಕ್ಕೆ "ಬನ್ನಿ, ಗೇಟಿನ ತನಕ ಹೋಗಿ ಬರೋಣ" ಅನ್ನಿ. ಮೊದಲ ವಾರ ಗೇಟು ಮುಟ್ಟಿದರೆ ಸಾಕು. ಬರದಿದ್ದರೆ ಬೈಯದೆ ಮಾರನೆಯ ದಿನ ಮತ್ತೆ ಕರೆಯಿರಿ.

ಇನ್ನು ನಿಮ್ಮ ಎದೆಯ ಡವಡವ. ಅದನ್ನು ನೀವು ಪತ್ರದ ಕೊನೆಯಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ನಾಲ್ಕು ತಿಂಗಳಿಂದ 'ಏನಾಗುತ್ತೋ' ಅಂತ ಕಾಯುತ್ತಿರುವ ದೇಹ ಅದು, ಫೋನ್ ಸದ್ದನ್ನೂ ಅಪಾಯ ಅಂತಲೇ ಕೇಳಿಸಿಕೊಳ್ಳುತ್ತಿದೆ. ಹಾಗಾದಾಗ ಕೂತು, ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ, ಒಂದೈದು ನಿಮಿಷ. ಸ್ವಲ್ಪ ಇಳಿಯುತ್ತೆ. ಆಸ್ಪತ್ರೆಯಲ್ಲಿ ಅವರ ಹೆಸರಿಗೆ ಚೀಟಿ ಮಾಡಿಸುವಾಗ ನಿಮ್ಮ ಹೆಸರಿಗೂ ಒಂದು ಮಾಡಿಸಿ. ಇಬ್ಬರೂ ಒಟ್ಟಿಗೆ ಸಾಲಿನಲ್ಲಿ ಕೂತರೆ ಅವರಿಗೂ 'ನನಗೇನು ಹುಚ್ಚಾ' ಅನ್ನುವ ಅಳುಕು ಕಡಿಮೆಯಾಗುತ್ತೆ.