ಹವಳ ತಂದಿದ್ದೀರಾ? ಇನ್ನು ಕೈ ಹೊರಗಿಡಿ

ಪ್ರಶ್ನೆ: ಮೇಡಂ, ಐದು ತಿಂಗಳ ಹಿಂದೆ 40 ಗ್ಯಾಲನ್‌ನ ಸಮುದ್ರ ನೀರಿನ ಅಕ್ವೇರಿಯಂ ಶುರು ಮಾಡಿದೆ. ಎರಡು ಕ್ಲೌನ್ ಮೀನು ಆರಾಮಾಗಿವೆ. ಹತ್ತು ದಿನದ ಹಿಂದೆ ಎರಡು ಆಕ್ರೊಪೊರಾ (ಕೊಂಬೆ ಹವಳ) ತುಂಡು, ಒಂದು ಹ್ಯಾಮರ್ ಹವಳ ತಂದೆ. ಒಂದು ಆಕ್ರೊಪೊರಾ ಬುಡದಿಂದ ಬೆಳ್ಳಗಾಗುತ್ತಾ ಮೇಲಕ್ಕೆ ಬರುತ್ತಿದೆ. ಇನ್ನೊಂದರ ಬಣ್ಣ ಪೂರ್ತಿ ಇಳಿದುಹೋಗಿದೆ. ಹ್ಯಾಮರ್ ಅರಳುತ್ತಲೇ ಇಲ್ಲ. ಬೆಳಕು ಸಾಲದೇನೋ ಎಂದು ಲೈಟನ್ನು ಶೇ 80ಕ್ಕೆ ಏರಿಸಿದೆ. ಮೂರು ಸಲ ಜಾಗ ಬದಲಿಸಿದೆ. 8.2 ಇದ್ದ ಅಲ್ಕಲಿನಿಟಿಯನ್ನು (ನೀರಿನ ಕ್ಷಾರತೆ) ಎರಡೇ ದಿನದಲ್ಲಿ 11ಕ್ಕೆ ತಂದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ, ಅದೊಂದೇ ಸಮಾಧಾನ. ಇನ್ನೇನು ಹಾಕಲಿ? ನನ್ನ ಹೆಂಡತಿಯಂತೂ ಇದಕ್ಕೆ ಇನ್ನೊಂದು ಡಾಲರೂ ಕೊಡಲ್ಲ ಅಂದಿದ್ದಾಳೆ.
– ಹೆಸರು ಬೇಡ, ಫ್ರಿಸ್ಕೊ, ಟೆಕ್ಸಸ್

ಉತ್ತರ: ನಿಮ್ಮ ಮನೆಯವರ ಮಾತೇ ಸರಿ. ಸದ್ಯಕ್ಕೆ ಏನೂ ಹಾಕಬೇಡಿ, ಏನೂ ಕೊಳ್ಳಬೇಡಿ. ಹೊಸ ಹವಳ ಸಾಯುವುದು ಹೆಚ್ಚಾಗಿ ಏನೋ ಕಡಿಮೆಯಾಗಿ ಅಲ್ಲ, ನಾವು ದಿನಾ ಏನಾದರೊಂದು ಸರಿಮಾಡಲು ಹೋಗುವುದರಿಂದ.

ನಿಮ್ಮ ಎರಡು ಆಕ್ರೊಪೊರಾಗಳಿಗೆ ಆಗಿರುವುದು ಬೇರೆ ಬೇರೆ ತೊಂದರೆ. ಬೆಳ್ಳಗಾಯಿತು ಅಂದ ತಕ್ಷಣ ಎಲ್ಲವೂ ಒಂದೇ ಅಲ್ಲ. ಲೆನ್ಸ್ ಹಿಡಿದು ಹತ್ತಿರದಿಂದ ನೋಡಿ. ಬಣ್ಣ ಇಳಿದ ತುಂಡಿನ ಮೇಲೆ ತೆಳುವಾದ, ಹೆಚ್ಚುಕಡಿಮೆ ಪಾರದರ್ಶಕವಾದ ಮೈ ಇನ್ನೂ ಇದೆಯಾ? ಸಣ್ಣ ಸಣ್ಣ ಪಾಲಿಪ್‌ಗಳು (ಹವಳದ ಹೂವಿನಂಥ ಪುಟ್ಟ ಜೀವಿಗಳು) ಹೊರಗೆ ಬರುತ್ತಿವೆಯಾ? ಹಾಗಿದ್ದರೆ ಅದು ಬದುಕಿದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಬೆಳಕಿನಲ್ಲಿ ಆಹಾರ ತಯಾರಿಸಿ ಹವಳಕ್ಕೆ ಕೊಡುವುದು ಅದೇ. ಬೆಳಕು ಏಕಾಏಕಿ ಜಾಸ್ತಿಯಾದರೆ ಹವಳ ಆ ಪಾಚಿಯನ್ನೇ ಹೊರಗೆ ಹಾಕುತ್ತದೆ, ಬಣ್ಣ ಹೋಗುತ್ತದೆ. ನೀವು ಬೆಳಕು ಸಾಲದು ಅಂದುಕೊಂಡಿರಿ, ಆದದ್ದು ಉಲ್ಟಾ. ಬೆಳಕು ಸಾಲದಿದ್ದರೆ ಹವಳ ಬೆಳ್ಳಗಾಗುವುದಕ್ಕಿಂತ ಕಂದು ಬಣ್ಣಕ್ಕೆ ತಿರುಗುವುದೇ ಹೆಚ್ಚು.

ಬುಡದಿಂದ ಬೆಳ್ಳಗಾಗುತ್ತಿರುವುದರ ಕಥೆ ಬೇರೆ. ಅಲ್ಲಿ ಮೈಯೇ ಕಳಚಿ, ಒಳಗಿನ ಸುಣ್ಣದ ಕಲ್ಲು ಬರಿದಾಗಿ ಕಾಣುತ್ತಿದೆ. ಹೋದ ಭಾಗ ವಾಪಸು ಬರುವುದಿಲ್ಲ. ಒಂದು ಪೆನ್ಸಿಲ್ ತೆಗೆದುಕೊಂಡು ಗಾಜಿನ ಹೊರಗೆ ಒಂದು ಕಾಗದದ ಮೇಲೆ ಬಿಳಿಯ ಅಂಚು ಎಲ್ಲಿದೆ ಅಂತ ಗುರುತು ಹಾಕಿ. ಎರಡು ದಿನ ಅದು ಅಲ್ಲೇ ನಿಂತರೆ ಮುಟ್ಟಬೇಡಿ. ಮೇಲೆ ಏರುತ್ತಲೇ ಇದ್ದರೆ ಬೋನ್ ಕಟರ್‌ನಲ್ಲಿ ಅಂಚಿಗಿಂತ ಒಂದು ಸೆಂಟಿಮೀಟರ್ ಮೇಲೆ, ಚೆನ್ನಾಗಿರುವ ಕಡೆ ಕತ್ತರಿಸಿ. ಜೆಲ್ ಸೂಪರ್ ಗ್ಲೂ ಹಚ್ಚಿ ಹೊಸ ಪ್ಲಗ್‌ಗೆ (ಹವಳ ಕೂರಿಸುವ ಪುಟ್ಟ ಬಿಲ್ಲೆ) ಅಂಟಿಸಿ. ಗಂಟೆಗಟ್ಟಲೆಯಲ್ಲಿ ಮೈಯೆಲ್ಲಾ ಸುಲಿದು ಬರುತ್ತಿದ್ದರೆ ಎರಡು ದಿನ ಕಾಯಬೇಡಿ, ಆಗಲೇ ಕತ್ತರಿಸಿ.

ಕಾರಣ ಏನಿರಬಹುದು? ನನ್ನ ಅನುಮಾನ ನಿಮ್ಮ ಅಲ್ಕಲಿನಿಟಿ ಮೇಲೆ. ಸಮುದ್ರದ ನೀರಿನಲ್ಲಿ ಅದು ಸುಮಾರು 7 ಡಿಕೆಎಚ್ (ಕ್ಷಾರತೆಯ ಅಳತೆ). ಮನೆಯ ಟ್ಯಾಂಕಿನಲ್ಲಿ 7ರಿಂದ 11ರವರೆಗೆ ಎಲ್ಲಿದ್ದರೂ ಹವಳ ಬದುಕುತ್ತದೆ. 8.2 ಎಂಬುದು ಒಳ್ಳೆಯ ಅಂಕಿಯೇ ಆಗಿತ್ತು! ಹವಳಕ್ಕೆ ತಡೆಯಲಾಗದ್ದು ಜಿಗಿತ. ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಏರಿಳಿತ ಬೇಡ ಎಂಬುದು ನನ್ನ ಲೆಕ್ಕ. ಎರಡು ದಿನದಲ್ಲಿ 2.8 ಏರಿಸಿದರೆ ಆಕ್ರೊಪೊರಾದಂಥ ಹವಳ ಹೇಗೆ ಸಹಿಸೀತು?

ಜೊತೆಗೆ ನೈಟ್ರೇಟ್, ಫಾಸ್ಫೇಟ್‌ನ ಆ ಸೊನ್ನೆಗಳು. ಹವಳಕ್ಕೆ ಇವೂ ಸ್ವಲ್ಪ ಬೇಕು. ಅದು ಸಮಾಧಾನದ ವಿಷಯ ಅಲ್ಲವೇ ಅಲ್ಲ. ಅಲ್ಕಲಿನಿಟಿ ಜಾಸ್ತಿ, ತಿನ್ನಲು ಏನೂ ಇಲ್ಲ, ಮೇಲಿಂದ ಜೋರು ಬೆಳಕು – ಈ ಮೂರೂ ಒಟ್ಟಿಗೆ ಸೇರಿದರೆ ಕೊಂಬೆ ಹವಳಕ್ಕೆ ಸಂಕಟ. ತುದಿ ಸುಡುವುದೂ ಇದರಿಂದಲೇ. ನೈಟ್ರೇಟ್ 2ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಅದಕ್ಕೆ ಬಾಟಲಿ ಕೊಳ್ಳುವುದು ಬೇಡ. ಕ್ಲೌನ್‌ಗಳಿಗೆ ಸ್ವಲ್ಪ ಜಾಸ್ತಿ ತಿನ್ನಿಸಿ, ಫಾಸ್ಫೇಟ್ ಹೀರುವ ಮೀಡಿಯಾ ಇದ್ದರೆ ತೆಗೆದುಬಿಡಿ.

ಈಗ ಮಾಡಬೇಕಾದದ್ದು ಇಷ್ಟೇ. ಅಲ್ಕಲಿನಿಟಿ ಪುಡಿ ನಿಲ್ಲಿಸಿ, ಅದು ತಾನಾಗಿ ನಿಧಾನಕ್ಕೆ ಇಳಿಯಲಿ. ವಾರಕ್ಕೆ ಶೇ 10ರಷ್ಟು ನೀರು ಬದಲಿಸಿ. ಆದರೆ ಉಪ್ಪಿನ ಬಕೆಟ್ ಯಾವುದು ಅಂತ ನೋಡಿ, ಕೆಲವು ಉಪ್ಪು ಕಲಸಿದಾಗಲೇ 11, 12 ತೋರಿಸುತ್ತವೆ. ಲೈಟನ್ನು ಶೇ 40ಕ್ಕೆ ಇಳಿಸಿ, ಮೂರು ನಾಲ್ಕು ವಾರದಲ್ಲಿ ಹಂತಹಂತವಾಗಿ ಏರಿಸಿ. ಉಷ್ಣತೆ 25–26 ಡಿಗ್ರಿ, ಉಪ್ಪಿನಂಶ ಸಾವಿರಕ್ಕೆ 35. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಶುದ್ಧ ನೀರಿನಲ್ಲಿ ಸೊನ್ನೆ ಮಾಡಿದರೆ ಸಾಲದು, 35ರ ದ್ರಾವಣದಲ್ಲೂ ಸರಿನೋಡಿ. ಅಲ್ಕಲಿನಿಟಿಯನ್ನು ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಬರೆದಿಡಿ ಅಂದೆ, ತಿದ್ದಿ ಅನ್ನಲಿಲ್ಲ.

ಜಾಗವನ್ನಂತೂ ಇನ್ನು ಬದಲಿಸಲೇಬೇಡಿ. ನಾಟಿ ಮಾಡಿದ ಸಸಿಯನ್ನು ದಿನಾ ಕಿತ್ತು ಬೇರು ಬಿಟ್ಟಿದೆಯಾ ಅಂತ ನೋಡಿದ ಹಾಗಾಯಿತು ಅದು. ಹ್ಯಾಮರ್ ಕೆಳಗೆ, ಮಂದ ಬೆಳಕಿನಲ್ಲಿ, ಪವರ್‌ಹೆಡ್ (ನೀರು ತಳ್ಳುವ ಪಂಪ್) ನೇರವಾಗಿ ಬಡಿಯದ ಕಡೆ ಇರಲಿ. ಅದರ ಗೊಂಚಲು ಮೆಲ್ಲಗೆ ತೂಗಬೇಕು, ಒಂದೇ ಕಡೆಗೆ ಮಲಗಬಾರದು. ಅದು ಒಂದೆರಡು ವಾರ ಮುನಿಸಿಕೊಂಡು ಆಮೇಲೆ ಅರಳುವುದು ಮಾಮೂಲು. ಮೈಮೇಲೆ ಕಂದು ಲೋಳೆ ಕಂಡರೆ ಮಾತ್ರ ಹೊರಗೆ ತೆಗೆದು ಬೇರೆ ಪಾತ್ರೆಯ ಟ್ಯಾಂಕ್ ನೀರಿನಲ್ಲಿ ಲೋಳೆ ತೊಳೆದು, ಪ್ರತ್ಯೇಕವಾಗಿಡಿ. ಬೇರೆ ಹವಳದಿಂದ 15 ಸೆಂಟಿಮೀಟರಾದರೂ ದೂರ ಇರಲಿ, ರಾತ್ರಿ ಉದ್ದದ ಕುಟುಕುವ ಎಳೆ ಚಾಚುತ್ತದೆ.

ಇನ್ನೊಂದು ಮಾತು. ಡಿಪ್ ಮಾಡಿದ, ಅಂದರೆ ಹುಳು ಉದುರಿಸುವ ದ್ರಾವಣದಲ್ಲಿ ಹವಳವನ್ನು ಅದ್ದಿದ ವಿಷಯವನ್ನೇ ನೀವು ಬರೆದಿಲ್ಲ. ಆಕ್ರೊಪೊರಾ ತಿನ್ನುವ ಚಪ್ಪಟೆ ಹುಳುಗಳು ಹವಳದ ಬಣ್ಣದಲ್ಲೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಕಚ್ಚಿದ ಜಾಗದಲ್ಲಿ ದುಂಡಗಿನ ಮಸುಕು ಕಲೆ ಬೀಳುತ್ತದೆ. ಡಿಪ್‌ಗೆ ಹುಳು ಉದುರುತ್ತದೆ, ಮೊಟ್ಟೆ ಜಗ್ಗುವುದಿಲ್ಲ. ಮೊಟ್ಟೆ ಇಡುವುದು ಬುಡದ ಸತ್ತ ಭಾಗದಲ್ಲಿ. ಅದಕ್ಕೇ ಅಂಗಡಿಯ ಪ್ಲಗ್ ಕಿತ್ತು ಬಿಸಾಕಿ ಎನ್ನುವುದು. ಇನ್ನು ಮುಂದೆ ತಂದರೆ ಚೀಲ 20 ನಿಮಿಷ ತೇಲಿಬಿಡಿ, ಡಿಪ್ ಮಾಡಿ, ಟ್ಯಾಂಕ್ ನೀರಿನಲ್ಲಿ ತೊಳೆದು ಇಡಿ. ಅಂಗಡಿಯ ನೀರು ಒಳಗೆ ಹೋಗಬಾರದು. ನಾನಂತೂ ಹವಳ ಕೊಳ್ಳುವ ಮೊದಲು ಅಂಗಡಿಯವರ ಅಲ್ಕಲಿನಿಟಿ ಎಷ್ಟು ಅಂತ ಕೇಳುತ್ತೇನೆ. ಉತ್ತರ ಬಾರದಿದ್ದರೆ ಮೀನಿನ ಆಹಾರ ತೆಗೆದುಕೊಂಡು ಬರುತ್ತೇನೆ.

ಪ್ರಶ್ನೆ: ಮುಂದಿನ ವರ್ಷ ಬೆಂಗಳೂರಿಗೆ ವಾಪಸು ಹೋಗುತ್ತಿದ್ದೇವೆ. ಮಗಳು ಬೆಳೆಸಿದ ಮೊಂಟಿಪೊರಾ ಹವಳದ ಒಂದೆರಡು ತುಂಡು ತರಬಹುದಾ?
– ಓದುಗರೊಬ್ಬರು, ಸ್ಯಾನ್ ಹೋಸೆ

ಉತ್ತರ: ಬೇಡ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಿದ್ದಾರೆ. ಹುಲಿ ಇರುವುದೂ ಅದೇ ಶೆಡ್ಯೂಲ್‌ನಲ್ಲಿ. ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಜೀವಂತ ಹವಳ ಇರಲಿ, ಶೋಕೇಸಿನ ಒಣ ಹವಳಕ್ಕೂ ಇದೇ ಗತಿ. ಅಲ್ಲಿನ ಹವ್ಯಾಸಿಗಳಿಗೆ ಕೊಟ್ಟುಬನ್ನಿ, ಖುಷಿಯಿಂದ ಸಾಕುತ್ತಾರೆ. ಮಗಳಿಗೆ ಹವಳ ನೋಡುವ ಆಸೆಯಿದ್ದರೆ ಮಳೆಗಾಲ ಮುಗಿದ ಮೇಲೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ಯಿರಿ. ಸ್ನಾರ್ಕೆಲ್ ಹಾಕಿಕೊಂಡು ನೋಡಬಹುದು, ಮುಟ್ಟುವ ಹಾಗಿಲ್ಲ.

ಪ್ರಶ್ನೆ: ಅಕ್ಕ, ಹವಳದ ಟ್ಯಾಂಕಿಗೆ ಹಾಕುವ ಕಾಲ್ಕ್‌ವಾಸರ್ ಅಂದರೆ ಸುಣ್ಣದ ತಿಳಿಯೇ ಅಂತೆ. ಅಮ್ಮನ ಎಲೆಅಡಿಕೆ ಸುಣ್ಣದ ಡಬ್ಬಿ ಮನೆಯಲ್ಲೇ ಇದೆ. ನಡೆಯುತ್ತಾ?
– ಶಾರ್ಲೆಟ್, ನಾರ್ತ್ ಕ್ಯಾರೊಲೈನಾ

ಉತ್ತರ: ಐಡಿಯಾ ಚೆನ್ನಾಗಿದೆ! ವಸ್ತು ಅದೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆದರೆ ಡಬ್ಬಿಯಲ್ಲಿ ಜೊತೆಗೆ ಇನ್ನೇನು ಬೆರೆತಿದೆಯೋ ಗೊತ್ತಾಗುವುದಿಲ್ಲ. ಡಬ್ಬಿ ಅಮ್ಮನಿಗೇ ಇರಲಿ. ಅಮೆರಿಕದ ದಿನಸಿ ಅಂಗಡಿಯಲ್ಲಿ ಉಪ್ಪಿನಕಾಯಿ ಹಾಕುವ ಸಾಮಾನಿನ ಜೊತೆ ಪಿಕ್ಲಿಂಗ್ ಲೈಮ್ ಎಂಬ ಪೊಟ್ಟಣ ಸಿಗುತ್ತದೆ. ತಿನ್ನುವ ಪದಾರ್ಥಕ್ಕೆ ಹಾಕುವಂಥದ್ದು, ಬೆಲೆಯೂ ಕಡಿಮೆ. ಒಂದು ಗ್ಯಾಲನ್ ಆರ್‌ಓ-ಡಿಐ (ಪೂರ್ತಿ ಶುದ್ಧೀಕರಿಸಿದ) ನೀರಿಗೆ ಎರಡು ಟೀ ಚಮಚ ಸಾಕು. ಕಲಕಿ, ಮುಚ್ಚಿಟ್ಟು, ಕೆಳಗೆ ಕೂತ ಗಷ್ಟು ಬಿಟ್ಟು ಬರೀ ತಿಳಿ ತೆಗೆಯಿರಿ. ಇದರ ಪಿಎಚ್ 12 ದಾಟುತ್ತದೆ, ಹಾಗಾಗಿ ಒಂದೇ ಸಲ ಸುರಿಯಬೇಡಿ. ಆವಿಯಾದ ನೀರಿನ ಬದಲಿಗೆ, ಟ್ಯಾಂಕಿನ ಪಿಎಚ್ ಇಳಿದಿರುವ ರಾತ್ರಿ ಹೊತ್ತು, ಸಂಪ್‌ಗೆ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಗೆ) ಹನಿ ಹನಿಯಾಗಿ ಬಿಡಿ. ಕಲಸುವಾಗ ಕನ್ನಡಕ ಹಾಕಿಕೊಳ್ಳಿ, ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಮತ್ತೆ, ಟ್ಯಾಂಕಿನಲ್ಲಿ ಇರುವುದು ಒಂದೆರಡು ಹೊಸ ತುಂಡು ಮಾತ್ರ ಆಗಿದ್ದರೆ ಇದು ಬೇಕಾಗುವುದೇ ಇಲ್ಲ, ವಾರದ ನೀರು ಬದಲಾವಣೆಯಲ್ಲೇ ಆಗಿಹೋಗುತ್ತದೆ.